ಹಿತ್ತಲಿಗೆ ಬಂದ ಕಯೋಟಿ, ಹಿಂಡಿಗೆ ಬಿದ್ದ ಕಯೋಟಿ

(ಉತ್ತರ ಕ್ಯಾಲಿಫೋರ್ನಿಯಾದ ಕನ್ನಡಿಗರ ವಾರಾಂತ್ಯದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಊರಂಚಿನ ಬಡಾವಣೆಗಳಲ್ಲಿ ಮನೆ ಮಾಡಿಕೊಂಡವರು. ಹಿತ್ತಲಲ್ಲಿ ನಿಂಬೆ, ದಾಳಿಂಬೆ, ಕುಂಡದಲ್ಲಿ ಕರಿಬೇವು, ಮನೆಯೊಳಗೊಂದು ಸಣ್ಣ ನಾಯಿ. ಇನ್ನು ಕೆಲವರು ಐದೋ ಹತ್ತೋ ಎಕರೆ ಜಮೀನು ಮಾಡಿಕೊಂಡು ಕೋಳಿ, ಆಡು, ಕುರಿ ಸಾಕುತ್ತಿದ್ದೀರಿ. ನಾನು ಕುರಿ ಸಾಕುವವರ ಜೊತೆ ಕೆಲಸ ಮಾಡುವವಳು ಅಂತ ಗೊತ್ತಾದ ಕೂಡಲೇ ಎರಡೂ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ತೋಳದ ಬಳಗಕ್ಕೆ ಸೇರಿದ, ಅದಕ್ಕಿಂತ ಚಿಕ್ಕದಾದ ಈ ಕಾಡುಪ್ರಾಣಿಯನ್ನು, ಈ ಕಯೋಟಿಗಳನ್ನು ಇಲ್ಲಿಂದ ತೊಲಗಿಸುವುದು ಹೇಗೆ?

ತೊಲಗಿಸಲು ಆಗುವುದಿಲ್ಲ. ಅಮೆರಿಕ ಸರ್ಕಾರ ನೂರು ವರ್ಷ ಹಣ ಸುರಿದು, ಬಂದೂಕು, ವಿಷ, ಬೋನು, ಕೊನೆಗೆ ವಿಮಾನ, ಹೆಲಿಕಾಪ್ಟರ್ ಎಲ್ಲ ಬಳಸಿ ನೋಡಿದೆ, ಆಗಿಲ್ಲ. ಆದರೆ ನಿಮ್ಮ ಮನೆಯ ಸುತ್ತ ಓಡಾಡುವ ಕಯೋಟಿ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಜಮೀನಿನ ಆಸುಪಾಸಿನಲ್ಲಿ ಒಂದು ಜೋಡಿ ಕಯೋಟಿ ನೆಲೆಸಿದ್ದು, ಅದು ನಿಮ್ಮ ಕುರಿಗೆ ಬಾಯಿ ಹಾಕಿಲ್ಲ ಎಂದಾದರೆ ಆ ಜೋಡಿಯ ತಂಟೆಗೆ ಹೋಗಬೇಡಿ. ಕುರಿ ಕಳೆದುಕೊಂಡವರಿಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದನ್ನು ವಿವರಿಸಲಿಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಪ್ರಾಣಿಯ ವಿಚಾರ. ಪಶ್ಚಿಮದ ಕಯೋಟಿ ಸಾಮಾನ್ಯವಾಗಿ 9ರಿಂದ 16 ಕಿಲೋ ತೂಗುತ್ತದೆ. ದಟ್ಟ ತುಪ್ಪಳದಿಂದಾಗಿ ಚಳಿಗಾಲದಲ್ಲಿ ಅದರ ಎರಡರಷ್ಟು ಕಾಣುತ್ತದೆ. "ತೋಳ ಬಂದಿತ್ತು" ಎಂದು ಗಾಬರಿಯಿಂದ ಫೋನ್ ಮಾಡುವವರು ನೋಡಿರುವುದು ಬಹುತೇಕ ಇದನ್ನೇ. ಪೂರ್ವದ ರಾಜ್ಯಗಳಲ್ಲಿರುವವು ಇನ್ನೂ ಸ್ವಲ್ಪ ದೊಡ್ಡವು, ಅವುಗಳಲ್ಲಿ ತೋಳದ ಮತ್ತು ನಾಯಿಯ ರಕ್ತವೂ ಬೆರೆತಿದೆ. ಮೂಲತಃ ಇದು ಖಂಡದ ನಡುವಿನ ಹುಲ್ಲುಗಾವಲು ಮತ್ತು ಪಶ್ಚಿಮದ ಒಣಭೂಮಿಯ ಪ್ರಾಣಿ. ಯುರೋಪಿನಿಂದ ಬಂದವರು ತೋಳಗಳನ್ನು ಕೊಂದು ಮುಗಿಸಿದರು, ಕಾಡು ಕಡಿದು ಹೊಲ ಮಾಡಿದರು. ಕಯೋಟಿಗೆ ಹೆದರಿಕೆ ಇದ್ದದ್ದೇ ತೋಳಕ್ಕೆ. ತೋಳ ಹೋದ ಜಾಗಕ್ಕೆಲ್ಲ ಇದು ಹೋಯಿತು. ಇವತ್ತು ಹವಾಯಿ ಒಂದನ್ನು ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ, ಉತ್ತರಕ್ಕೆ ಅಲಾಸ್ಕಾ, ದಕ್ಷಿಣಕ್ಕೆ ಪನಾಮಾವರೆಗೂ ಇದೆ. 2007ರಲ್ಲಿ ಶಿಕಾಗೋ ನಗರದ ನಟ್ಟನಡುವಿನ ಸ್ಯಾಂಡ್‌ವಿಚ್ ಅಂಗಡಿಯೊಂದಕ್ಕೆ ಹಗಲು ಹೊತ್ತಿನಲ್ಲೇ ನುಗ್ಗಿದ ಕಯೋಟಿ, ತಂಪು ಪಾನೀಯದ ಬಾಟಲಿಗಳನ್ನಿಟ್ಟ ಕೂಲರಿನೊಳಗೆ ಹೋಗಿ ಮಲಗಿಕೊಂಡಿತ್ತು.

ಗಂಡು ಹೆಣ್ಣು ಜೋಡಿಯಾಗಿ ಬಾಳುವ ಪ್ರಾಣಿ ಇದು, ಸಂಗಾತಿ ಸಾಯುವವರೆಗೂ ಜೋಡಿ ಒಡೆಯುವುದು ಅಪರೂಪ. ಜನವರಿಯಿಂದ ಮಾರ್ಚ್‌ವರೆಗೆ ಬೆದೆ, ಸುಮಾರು 63 ದಿನದ ಗರ್ಭ, ಏಪ್ರಿಲ್, ಮೇ ಹೊತ್ತಿಗೆ ಮರಿ. ಶರತ್ಕಾಲದಲ್ಲಿ ಬೆಳೆದ ಮರಿಗಳಲ್ಲಿ ಹೆಚ್ಚಿನವು ಹೊಸ ಜಾಗ ಹುಡುಕಿಕೊಂಡು ಹೊರಡುತ್ತವೆ. ಈ ಪಂಚಾಂಗ ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ಎಷ್ಟೋ ಸಂಗತಿ ಇದರ ಮೇಲೆ ನಿಂತಿದೆ. ಪ್ರತಿ ಜೋಡಿಗೂ ತನ್ನದೇ ಸರಹದ್ದು ಇರುತ್ತದೆ. ಶಿಕಾಗೋ ಸುತ್ತಮುತ್ತ 2000ದಿಂದ ಕಯೋಟಿಗಳಿಗೆ ರೇಡಿಯೋ ಕಾಲರ್ ಕಟ್ಟಿ ಅಧ್ಯಯನ ಮಾಡುತ್ತಿರುವ ಸ್ಟ್ಯಾನ್ಲಿ ಗೆರ್ಟ್ ಮತ್ತು ಅವರ ತಂಡದವರು ಕಂಡಂತೆ, ನೆಲೆನಿಂತ ಗುಂಪಿನ ಸರಹದ್ದು ಸುಮಾರು 5 ಚದರ ಕಿಲೋಮೀಟರ್. ಜೋಡಿಯಿಲ್ಲದ ಒಂಟಿ ಕಯೋಟಿ ಅದರ ಐದು ಪಟ್ಟು ಜಾಗದಲ್ಲಿ ಅಲೆಯುತ್ತಿರುತ್ತದೆ, ಎಲ್ಲಿ ಜಾಗ ಖಾಲಿಯಾದೀತು ಎಂದು ನೋಡುತ್ತಾ.

ಕೊಂದರೆ ಯಾಕೆ ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಹಿರಿಯ ಜೋಡಿ ಮಾತ್ರ. ಆ ಜೋಡಿಯಲ್ಲಿ ಒಂದನ್ನು ಕೊಂದರೆ ಅದುವರೆಗೆ ಸುಮ್ಮನಿದ್ದ ಕಿರಿಯವು ಮರಿ ಹಾಕಲು ತೊಡಗುತ್ತವೆ. ಸಂಖ್ಯೆ ಇಳಿದಾಗ ಉಳಿದವಕ್ಕೆ ಆಹಾರ ಹೆಚ್ಚು, ಹಾಕುವ ಮರಿ ಹೆಚ್ಚು, ಹಾಕಿದ ಮರಿಗಳಲ್ಲಿ ಬದುಕುವವೂ ಹೆಚ್ಚು. ಇದರ ಜೊತೆಗೆ ಅಲೆಯುತ್ತಿದ್ದ ಒಂಟಿಗಳು ಖಾಲಿ ಜಾಗಕ್ಕೆ ಬಂದು ಕೂರುತ್ತವೆ. ಒಳ್ಳೆಯ ಬಡಾವಣೆಯಲ್ಲಿ ಬಾಡಿಗೆ ಮನೆ ಖಾಲಿಯಾದರೆ ಎಷ್ಟು ದಿನ ಬೀಗ ಹಾಕಿಕೊಂಡಿರುತ್ತದೆ ಹೇಳಿ! 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ಇಬ್ಬರು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಹೊರಗಿನಿಂದ ಒಂದೂ ಬರುವುದಿಲ್ಲ ಎಂದಿಟ್ಟುಕೊಂಡರೂ, ಪ್ರತಿ ವರ್ಷ ನೂರಕ್ಕೆ 75ರಷ್ಟನ್ನು ಕೊಲ್ಲುತ್ತಾ ಹೋದರೆ ಪೂರ್ತಿ ಅಳಿಸಲು 50 ವರ್ಷಕ್ಕಿಂತ ಹೆಚ್ಚು ಬೇಕು ಎಂದು ಬಂತು. ನೂರಕ್ಕೆ 75ರಷ್ಟನ್ನು ಯಾರು ಕೊಂದಾರು? 1931ರ ಕಾಯ್ದೆಯ ಬಲದಿಂದ ಕೆಲಸ ಮಾಡುವ ಕೇಂದ್ರ ಕೃಷಿ ಇಲಾಖೆಯ ವನ್ಯಜೀವಿ ಸೇವಾ ವಿಭಾಗ ಈಚಿನ ಹಲವು ವರ್ಷಗಳಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಕಯೋಟಿಗಳನ್ನು ಕೊಂದಿದೆ. ಖಾಸಗಿಯಾಗಿ ಬೇಟೆಯಾಡುವವರ ಲೆಕ್ಕ ಬೇರೆ. ಇಷ್ಟಾದರೂ ಕಯೋಟಿಯ ವ್ಯಾಪ್ತಿ ಹಿಗ್ಗಿದೆಯೇ ಹೊರತು ಕುಗ್ಗಿಲ್ಲ.

ಇಲ್ಲೇ ಮೆಂಡೊಸಿನೊ ಕೌಂಟಿಯ ಹಾಪ್‌ಲ್ಯಾಂಡಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಕೇಂದ್ರವಿದೆ. ಅವರದ್ದೇ ಕುರಿ ಹಿಂಡು, ಸುತ್ತ ಕಯೋಟಿಗಳು. 1990ರ ದಶಕದಲ್ಲಿ ಅಲ್ಲಿ ಕಯೋಟಿಗಳಿಗೆ ಕಾಲರ್ ಕಟ್ಟಿ, ಸತ್ತ ಪ್ರತಿ ಕುರಿಯ ಜಾಗಕ್ಕೆ ಹೋಗಿ, ಯಾವ ಕಯೋಟಿ ಆ ಹೊತ್ತಿನಲ್ಲಿ ಎಲ್ಲಿತ್ತು ಎಂದು ಹೊಂದಿಸಿ ನೋಡಿದರು. ಕುರಿ ಕೊಲ್ಲುತ್ತಿದ್ದವು ಬಹುತೇಕ ಸರಹದ್ದು ಹಿಡಿದು ಮರಿ ಹಾಕುವ ಹಿರಿಯ ಜೋಡಿಗಳು. ಆದರೆ ಬೋನಿಗೆ ಬೀಳುತ್ತಿದ್ದವು? ಅನುಭವವಿಲ್ಲದ ಎಳೆಯವು, ದಾರಿಹೋಕರು. ಅಂದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೊಡೆಯುತ್ತಾ ಹೋದಾಗ ಸಾಯುತ್ತಿದ್ದದ್ದು ತಪ್ಪು ಮಾಡದ ಪ್ರಾಣಿ. ಕುರಿ ಕೊಲ್ಲುತ್ತಿದ್ದ ಆ ನಿರ್ದಿಷ್ಟ ಜೋಡಿಯನ್ನೇ ತೆಗೆದಾಗ ಮಾತ್ರ ಆ ಸರಹದ್ದಿನಲ್ಲಿ ನಷ್ಟ ಇಳಿಯಿತು, ಅದೂ ಹೊಸ ಜೋಡಿ ಬಂದು ನೆಲೆಸುವವರೆಗೆ. ಯೂಟಾದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಕಯೋಟಿಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಅದೇ ಜಾಗಕ್ಕೆ ಬಿಟ್ಟರು. ಅವು ಸರಹದ್ದು ಕಾಯುವುದನ್ನು ಬಿಡಲಿಲ್ಲ, ಜೋಡಿಯನ್ನೂ ಬಿಡಲಿಲ್ಲ, ಕುರಿಮರಿ ಕೊಲ್ಲುವುದು ಮಾತ್ರ ಕಡಿಮೆಯಾಯಿತು. ಹೊಟ್ಟೆಗೆ ಕಾದು ಕೂತ ಮರಿಗಳಿದ್ದಾಗಲೇ ಅಪ್ಪ ಅಮ್ಮ ದೊಡ್ಡ ಬೇಟೆಗೆ ಕೈ ಹಾಕುವುದು.

ಹಾಗಾಗಿಯೇ ಆರಂಭದಲ್ಲಿ ಆ ಮಾತು ಹೇಳಿದೆ. ಇಲಿ, ಮೊಲ, ಹಣ್ಣು ತಿಂದುಕೊಂಡು, ಕುರಿಯ ರುಚಿ ಕಾಣದೆ ಇರುವ ಜೋಡಿ ನಿಮ್ಮ ಪಕ್ಕದಲ್ಲಿದ್ದರೆ ಅದು ತನ್ನ ಸರಹದ್ದಿನೊಳಗೆ ಬೇರೆ ಕಯೋಟಿಯನ್ನು ಬಿಟ್ಟುಕೊಳ್ಳುವುದಿಲ್ಲ. ಅದನ್ನು ಕೊಂದರೆ ಆ ಜಾಗಕ್ಕೆ ಬರುವ ಹೊಸತು ಎಂಥದ್ದು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಈಗ ಮನೆಗಳ ವಿಚಾರಕ್ಕೆ ಬರೋಣ. ಶಿಕಾಗೋ ತಂಡ ಕಯೋಟಿಯ ಹಿಕ್ಕೆ ಹೆಕ್ಕಿ, ತೊಳೆದು, ಅದರಲ್ಲಿನ ಕೂದಲು, ಮೂಳೆ, ಬೀಜ ಬೇರ್ಪಡಿಸಿ ನೋಡಿದಾಗ ನೂರರಲ್ಲಿ 42 ಹಿಕ್ಕೆಗಳಲ್ಲಿ ಇಲಿಜಾತಿಯ ಸಣ್ಣ ಪ್ರಾಣಿಗಳಿದ್ದವು, 23ರಲ್ಲಿ ಹಣ್ಣು, 22ರಲ್ಲಿ ಜಿಂಕೆ, 18ರಲ್ಲಿ ಮೊಲ. ಸಾಕುಬೆಕ್ಕು ಸಿಕ್ಕಿದ್ದು ನೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಲಾಸ್ ಏಂಜಲೀಸಿನಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯವರು ಇದೇ ಕೆಲಸ ಮಾಡಿದಾಗ ನಗರದೊಳಗಿನ ಹಿಕ್ಕೆಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಬೆಕ್ಕು ಸಿಕ್ಕಿತು. ಪ್ರಾಣಿ ಅದೇ, ಊರು ಬೇರೆ. ಬೀದಿಬೆಕ್ಕುಗಳು ಹೆಚ್ಚಿರುವ, ಅವಕ್ಕೆ ಬಟ್ಟಲಲ್ಲಿ ಊಟ ಇಡುವ, ಬೇಲಿಗುಂಟ ಹಣ್ಣಿನ ಮರಗಳಿರುವ ಊರಿನಲ್ಲಿ ಕಯೋಟಿ ಸಿಕ್ಕಿದ್ದನ್ನು ತಿನ್ನುತ್ತದೆ. ಅದು ಏನು ತಿನ್ನಬೇಕು ಎಂದು ನಾವು ಗೊತ್ತಿಲ್ಲದೆಯೇ ತೀರ್ಮಾನಿಸುತ್ತಿರುತ್ತೇವೆ.

ನಮ್ಮವರ ಒಂದು ಅಭ್ಯಾಸದ ಬಗ್ಗೆ ಇಲ್ಲಿ ಹೇಳಲೇಬೇಕು. ಅನ್ನ ಕಸಕ್ಕೆ ಹಾಕಬಾರದು ಎಂದು ಉಳಿದದ್ದನ್ನು ಹಿತ್ತಲಲ್ಲಿ ಕಾಗೆಗೋ ಅಳಿಲಿಗೋ ಇಡುವವರು ನಮ್ಮಲ್ಲಿ ತುಂಬ ಜನ. ಹಬ್ಬ, ಶ್ರಾದ್ಧದ ದಿನ ಎಡೆ ಇಡುವವರೂ ಇದ್ದೀರಿ. ಅದರ ಹಿಂದಿನ ಭಾವ ನನಗೂ ಪ್ರೀತಿಯದ್ದೇ. ಇಟ್ಟಾಗ ಅಲ್ಲೇ ನಿಂತು, ಹಕ್ಕಿ ತಿಂದ ಮೇಲೆ ಉಳಿದದ್ದನ್ನು ಕತ್ತಲಾಗುವ ಮೊದಲು ತೆಗೆದುಬಿಡಿ. ತುಪ್ಪದ ಅನ್ನ, ಮೊಸರನ್ನ ರಾತ್ರಿಯಿಡೀ ಹೊರಗಿದ್ದರೆ ಮೊದಲು ಇಲಿ ಬರುತ್ತದೆ, ಇಲಿಯ ಹಿಂದೆ ಕಯೋಟಿ ಬರುತ್ತದೆ. ಹಕ್ಕಿಗಳಿಗೆಂದು ತೂಗುಹಾಕುವ ಕಾಳಿನ ಡಬ್ಬಿಯ ಕಥೆಯೂ ಅದೇ. ಕಯೋಟಿ ಬರುವುದು ಕಾಳಿಗಲ್ಲ, ಕಾಳು ಉದುರಿದಲ್ಲಿ ಸೇರುವ ಇಲಿಗೆ. ಮರದ ಕೆಳಗೆ ಬಿದ್ದ ಹಣ್ಣು, ಮುಚ್ಚಳವಿಲ್ಲದ ಗೊಬ್ಬರದ ಬುಟ್ಟಿ, ಹೊರಗೆ ಬಿಟ್ಟ ನಾಯಿಯ ಊಟದ ತಟ್ಟೆ, ಬಾರ್ಬೆಕ್ಯೂ ಒಲೆಯಡಿ ಸೋರಿದ ಕೊಬ್ಬು ಎಲ್ಲವೂ ಅದಕ್ಕೆ ಊಟದ ಕರೆಯೇ. ಬೇಸಿಗೆಯಲ್ಲಿ ನೀರಿನ ತೊಟ್ಟಿಯೂ ಸೇರುತ್ತದೆ.

ಬೇಕೆಂದೇ ಊಟ ಹಾಕುವವರಿಂದ ಆಗುವ ಅನಾಹುತ ಬೇರೆಯದೇ ಮಟ್ಟದ್ದು. 1981ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲಿನಲ್ಲಿ ಮನೆಯ ಮುಂದೆಯೇ ಮೂರು ವರ್ಷದ ಮಗು ಕಯೋಟಿಯ ಬಾಯಿಗೆ ಸಿಕ್ಕು ಸತ್ತಿತು. ಆ ಬಳಿಕ ಆ ಮನೆಯ ಅರ್ಧ ಮೈಲಿಯೊಳಗೆ 80 ದಿನದಲ್ಲಿ 55 ಕಯೋಟಿಗಳನ್ನು ಹಿಡಿದರು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಕಯೋಟಿ ಕಾಡಿನಲ್ಲಿ ಇರುವುದೇ ಇಲ್ಲ. ಮನುಷ್ಯರು ಇಟ್ಟ ಆಹಾರವೇ ಅವನ್ನು ಅಲ್ಲಿ ಕೂಡಿಹಾಕಿತ್ತು. 1960ರಿಂದ 2006ರವರೆಗೆ ಅಮೆರಿಕ, ಕೆನಡಾಗಳಲ್ಲಿ ಮನುಷ್ಯರ ಮೇಲೆ ನಡೆದ ದಾಳಿಗಳನ್ನು ಒಟ್ಟುಹಾಕಿದ ಅಧ್ಯಯನದಲ್ಲಿ ಸಿಕ್ಕಿದ್ದು 142 ಘಟನೆ, 159 ಜನ. ಅಮೆರಿಕದಲ್ಲಿ ವರ್ಷಕ್ಕೆ ನಾಯಿ ಕಚ್ಚುವವರ ಸಂಖ್ಯೆ ಲಕ್ಷಗಳಲ್ಲಿದೆ. ಅಪಾಯ ಅಪರೂಪದ್ದು, ಆದರೆ ಚಿಕ್ಕ ಮಕ್ಕಳಿರುವ ಮನೆಯವರು ಅಪರೂಪ ಎಂದು ಸುಮ್ಮನಿರಬೇಕಾಗಿಲ್ಲ. ಪೆಟ್ಟು ತಿನ್ನುವವರಲ್ಲಿ ಮಕ್ಕಳ ಪಾಲು ದೊಡ್ಡದು, ತಿಂದ ಪೆಟ್ಟೂ ದೊಡ್ಡದು.

ಹಾಪ್‌ಲ್ಯಾಂಡಿನ ರಾಬರ್ಟ್ ಟಿಮ್ ಮತ್ತು ಅವರ ಜೊತೆಗಾರರು ಕ್ಯಾಲಿಫೋರ್ನಿಯಾದ ಇಂಥ ಘಟನೆಗಳನ್ನು ಜೋಡಿಸಿ ನೋಡಿ, ಕಯೋಟಿ ಒಮ್ಮೆಲೇ ಮೇಲೆ ಬೀಳುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಸಲಿಗೆ ಬೆಳೆಸುತ್ತದೆ ಎಂದು ತೋರಿಸಿದರು. ಮೊದಲು ರಾತ್ರಿ ಹೊತ್ತು ಬೀದಿಯಲ್ಲಿ, ಅಂಗಳದಲ್ಲಿ ಹೆಚ್ಚು ಹೆಚ್ಚು ಕಾಣಿಸುತ್ತದೆ. ಆಮೇಲೆ ರಾತ್ರಿ ಸಾಕುಪ್ರಾಣಿ ಮಾಯವಾಗುತ್ತದೆ. ಆಮೇಲೆ ಬೆಳಗಿನ ಹೊತ್ತು, ಇಳಿಹಗಲಲ್ಲೂ ಬೀದಿಯಲ್ಲಿ ಕಾಣಿಸತೊಡಗುತ್ತದೆ. ಆಮೇಲೆ ಹಾಡಹಗಲೇ ನಾಯಿ, ಬೆಕ್ಕಿನ ಮೇಲೆ ಬೀಳುವುದು. ಹಗ್ಗ ಹಿಡಿದು ನಡೆಸುತ್ತಿರುವ ನಾಯಿಯನ್ನೇ ಹಿಡಿಯುವುದು, ಸೈಕಲ್ಲಿನವರ, ಓಡುವವರ ಹಿಂದೆ ಬೀಳುವುದು. ಕಡೆಯ ಮೆಟ್ಟಿಲುಗಳೆಂದರೆ ಮಕ್ಕಳು ಆಡುವ ಜಾಗದ ಸುತ್ತ ನಡುಹಗಲಲ್ಲಿ ಸುಳಿಯುವುದು, ದೊಡ್ಡವರಿಗೇ ಎದುರು ನಿಲ್ಲುವುದು. ಮೊದಲೆರಡು ಮೆಟ್ಟಿಲಲ್ಲಿ ನಾವು ಎಚ್ಚೆತ್ತರೆ ಸಾಕು, ಅದು ಹಿಂದಕ್ಕೆ ಸರಿಯುತ್ತದೆ. ಕೊನೆಯ ಮೆಟ್ಟಿಲಿಗೆ ಬಂದ ಪ್ರಾಣಿಯನ್ನು ತೆಗೆಯಲೇಬೇಕು. ಆ ಕೆಲಸ ನಗರದ ಪ್ರಾಣಿ ನಿಯಂತ್ರಣದವರದ್ದು, ತಡಮಾಡದೆ ಅವರಿಗೆ ತಿಳಿಸಿ.

ಎಚ್ಚೆತ್ತುಕೊಳ್ಳುವುದು ಅಂದರೆ ಏನು ಎಂದು ಒಬ್ಬರು ಕೇಳಿದರು. ಹಿತ್ತಲಲ್ಲಿ ಕಯೋಟಿ ಕಂಡರೆ ನಮ್ಮವರು ಮಾಡುವ ಮೊದಲ ಕೆಲಸ ಕಿಟಕಿಯಿಂದ ವೀಡಿಯೊ ತೆಗೆಯುವುದು. ಅದು ನಿಮ್ಮನ್ನು ನೋಡುತ್ತದೆ, ನೀವೇನೂ ಮಾಡುವುದಿಲ್ಲ, ಈ ಮನುಷ್ಯರಿಂದ ಹೆದರುವುದೇನಿಲ್ಲ ಎಂದು ಕಲಿಯುತ್ತದೆ. ಬಾಗಿಲು ತೆರೆದು ಹೊರಗೆ ಬನ್ನಿ. ಎರಡೂ ಕೈ ಮೇಲೆತ್ತಿ, ದೊಡ್ಡ ದನಿಯಲ್ಲಿ ಗದರಿಸಿ, ಅದರ ಕಡೆಗೇ ಹೆಜ್ಜೆ ಹಾಕಿ. ಡಬ್ಬದಲ್ಲಿ ಚಿಲ್ಲರೆ ಹಾಕಿ ಅಲ್ಲಾಡಿಸಿ, ಪಾತ್ರೆ ಬಡಿಯಿರಿ, ಪೈಪಿನಲ್ಲಿ ನೀರು ಹಾರಿಸಿ. ಮೊದಲ ಸಲ ಅದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು ನೋಡುತ್ತದೆ. ಅಲ್ಲಿಗೆ ನೀವು ನಿಲ್ಲಿಸಿದರೆ ಗೆದ್ದದ್ದು ಅದು. ಬೇಲಿ ದಾಟಿ ಕಣ್ಮರೆಯಾಗುವವರೆಗೂ ಬಿಡಬೇಡಿ. ಓಡಬೇಡಿ, ಬೆನ್ನು ತೋರಿಸಬೇಡಿ. ಅದು ಓಡಿಹೋಗಲು ದಾರಿ ಬಿಟ್ಟು ನಿಲ್ಲಿ. ಗಾಯಗೊಂಡದ್ದು, ಮೂಲೆಯಲ್ಲಿ ಸಿಕ್ಕಿಬಿದ್ದದ್ದು, ಮರಿ ಜೊತೆಗಿರುವುದು, ಇವನ್ನು ಮಾತ್ರ ಗದರಿಸಲು ಹೋಗಬೇಡಿ.

ವಸಂತದಲ್ಲಿ, ಬೇಸಿಗೆಯ ಮೊದಲಲ್ಲಿ ಬೆಟ್ಟದ ದಾರಿಯಲ್ಲಿ ನಾಯಿ ಕರೆದುಕೊಂಡು ಹೋದಾಗ ಕಯೋಟಿಯೊಂದು ಸ್ವಲ್ಪ ದೂರದಿಂದ ಜೊತೆಜೊತೆಗೇ ಬರುವುದನ್ನು ನೋಡಿರಬಹುದು. ಹಿಂಬಾಲಿಸಿತು, ಹೊಂಚು ಹಾಕಿತು ಎಂದು ಎಲ್ಲರಿಗೂ ಮೆಸೇಜು ಹೋಗುತ್ತದೆ. ಹತ್ತಿರದಲ್ಲಿ ಮರಿಯ ಬಿಲ ಇರುತ್ತದೆ, ಅದು ನಿಮ್ಮ ನಾಯಿಯನ್ನು ಅಲ್ಲಿಂದ ಸಾಗಹಾಕುತ್ತಿರುತ್ತದೆ. ಸಣ್ಣ ನಾಯಿಯಾದರೆ ಎತ್ತಿಕೊಳ್ಳಿ, ಮುಖ ಅದರ ಕಡೆಗಿಟ್ಟು ನಿಧಾನವಾಗಿ ಬಂದ ದಾರಿಯಲ್ಲಿ ಹಿಂದಿರುಗಿ, ಕೆಲವು ವಾರ ಆ ದಾರಿ ಬಿಡಿ. ಉದ್ದಕ್ಕೆ ಎಳೆದುಕೊಳ್ಳುವ ಹಗ್ಗ ಬೇಡ, ಆರಡಿಯದು ಸಾಕು. ಬೆಕ್ಕು ಸಾಕುವವರಿಗೆ ನನ್ನಲ್ಲಿರುವುದು ಒಂದೇ ಉತ್ತರ: ಮನೆಯೊಳಗೇ ಸಾಕಿ. ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಸ್ಯಾನ್ ಡಿಯೆಗೋದ ಕಣಿವೆಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಯೋಟಿ ಇಲ್ಲವಾದ ಕುರುಚಲು ಕಾಡುಗಳಲ್ಲಿ ಬೆಕ್ಕುಗಳ ಓಡಾಟ ಹೆಚ್ಚಿ ಸ್ಥಳೀಯ ಹಕ್ಕಿಗಳ ಜಾತಿಗಳೇ ಕಡಿಮೆಯಾಗಿದ್ದು ಕಂಡುಬಂದಿತ್ತು.

ಒಂದು ಅಪವಾದವನ್ನು ಮುಚ್ಚಿಡಲಾರೆ. 2009ರ ಅಕ್ಟೋಬರಿನಲ್ಲಿ ಕೆನಡಾದ ನೋವಾ ಸ್ಕೋಶಿಯಾದ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಒಂಟಿಯಾಗಿ ನಡೆದುಹೋಗುತ್ತಿದ್ದ 19 ವರ್ಷದ ಗಾಯಕಿಯ ಮೇಲೆ ಕಯೋಟಿಗಳು ಬಿದ್ದವು, ಆಕೆ ಉಳಿಯಲಿಲ್ಲ. ಅಲ್ಲಿ ಊಟ ಹಾಕಿ ಸಲಿಗೆ ಕೊಟ್ಟವರು ಯಾರೂ ಇರಲಿಲ್ಲ. ಗೆರ್ಟ್ ಅವರ ತಂಡ ಬಳಿಕ ಅಲ್ಲಿನ ಕಯೋಟಿಗಳನ್ನು ಅಭ್ಯಾಸ ಮಾಡಿದಾಗ, ಸಣ್ಣ ಬೇಟೆ ಸಿಗದ ಆ ನೆಲದಲ್ಲಿ ಅವು ಮೂಸ್ ಎಂಬ ಭಾರೀ ಜಿಂಕೆಯನ್ನು ಹೆಚ್ಚಾಗಿ ತಿಂದು ಬದುಕುತ್ತಿದ್ದವು ಎಂದು ತಿಳಿಯಿತು. ದೊಡ್ಡ ಪ್ರಾಣಿಯ ಮೇಲೆ ಬೀಳುವುದು ಅಲ್ಲಿನವಕ್ಕೆ ರೂಢಿ. ದೂರದ ಕಾಡುದಾರಿಯಲ್ಲಿ ಒಬ್ಬೊಬ್ಬರೇ ಹೋಗುವವರು ಕೈಯಲ್ಲಿ ಒಂದು ಕೋಲು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಜಮೀನಿನವರಿಗೆ. ಬೆಳಿಗ್ಗೆ ಎದ್ದಾಗ ಕುರಿ ಸತ್ತು ಬಿದ್ದಿದೆ, ಅರ್ಧ ತಿಂದಿದೆ. ಕಯೋಟಿಯೇ ಕೊಂದಿತು ಎಂದು ಹೇಗೆ ಗೊತ್ತು? ಸತ್ತದ್ದನ್ನು ತಿನ್ನಲು ಕಯೋಟಿ, ನರಿ, ರಣಹದ್ದು ಎಲ್ಲ ಬರುತ್ತವೆ. ಚಾಕು ತೆಗೆದುಕೊಂಡು ಗಂಟಲಿನ ಚರ್ಮ ಸುಲಿದು ನೋಡಿ. ಹೊರಗೆ ಉಣ್ಣೆಯ ನಡುವೆ ಏನೂ ಕಾಣದಿದ್ದರೂ ಒಳಗೆ ಕತೆ ಬರೆದಿರುತ್ತದೆ. ಜೀವ ಇದ್ದಾಗ ಕಚ್ಚಿದ್ದರೆ ಚರ್ಮದ ಒಳಮೈಯಲ್ಲಿ ರಕ್ತ ಹೆಪ್ಪುಗಟ್ಟಿ ಕಡುಗೆಂಪಾಗಿರುತ್ತದೆ, ಹಲ್ಲಿನ ತೂತುಗಳು ಕಾಣುತ್ತವೆ. ಸತ್ತ ಮೇಲೆ ಕಚ್ಚಿದ್ದರೆ ಚರ್ಮ ಬಿಳಿಚಿಕೊಂಡೇ ಇರುತ್ತದೆ. ಕಯೋಟಿ ಹಿಡಿಯುವುದು ದವಡೆಯ ಹಿಂದೆ, ಕಿವಿಯ ಕೆಳಗೆ, ಗಂಟಲನ್ನು. ಉಸಿರು ಕಟ್ಟಿಸಿ ಕೊಲ್ಲುತ್ತದೆ, ಪಕ್ಕೆಲುಬಿನ ಹಿಂದಿನಿಂದ ಬಗೆದು ತಿನ್ನತೊಡಗುತ್ತದೆ. ಎಳೆಮರಿಯಾದರೆ ತಲೆಯನ್ನೇ ಕಚ್ಚುವುದೂ ಉಂಟು. ಕಿವಿ ಹರಿದಿದೆ, ತೊಡೆ, ಬಾಲ ಸಿಗಿದುಹೋಗಿದೆ, ನಾಲ್ಕೈದು ಕುರಿ ಅರೆಜೀವವಾಗಿ ಬಿದ್ದಿವೆ, ಒಂದನ್ನೂ ಸರಿಯಾಗಿ ತಿಂದಿಲ್ಲ ಎಂದರೆ ಅದು ಹೆಚ್ಚಾಗಿ ಯಾರದೋ ಮನೆಯ ನಾಯಿ. ನಾಯಿ ಮಾಡಿದ್ದಕ್ಕೆ ಕಯೋಟಿಯನ್ನು ಕೊಂದರೆ ಮರುವಾರ ಮತ್ತೆ ಅದೇ ಆಗುತ್ತದೆ.

ಕೃಷಿ ಇಲಾಖೆಯ 2014ರ ಲೆಕ್ಕದಲ್ಲಿ ದೇಶದಲ್ಲಿ ಸತ್ತ ದೊಡ್ಡ ಕುರಿಗಳಲ್ಲಿ ನೂರಕ್ಕೆ 28, ಕುರಿಮರಿಗಳಲ್ಲಿ 36ರಷ್ಟು ಬೇಟೆಪ್ರಾಣಿಗಳಿಗೆ ಸಿಕ್ಕಿದ್ದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಯೋಟಿಯದ್ದೇ, ಹಾಗಾಗಿ ಅದನ್ನು ನಿರಪರಾಧಿ ಎಂದು ನಾನು ಹೇಳುವುದಿಲ್ಲ. ಆದರೆ ಉಳಿದ ದೊಡ್ಡ ಪಾಲು ರೋಗ, ಚಳಿ, ಹೆರಿಗೆಯ ತೊಂದರೆಗಳಿಂದ ಹೋದದ್ದು. ಮರಿ ಹಾಕುವ ಕಾಲಕ್ಕೆ ಕೊಟ್ಟಿಗೆ ಕಟ್ಟಿದರೆ ಎರಡಕ್ಕೂ ಆಗುತ್ತದೆ, ಚಳಿಗೂ ಕಯೋಟಿಗೂ. ದೂರದ ಮೇವಿನ ನೆಲದಲ್ಲಿ ಮರಿ ಹಾಕಲು ಬಿಡಬೇಡಿ. ಹೆರಿಗೆಯ ಕಸ (ಮಾಸು), ಸತ್ತ ಮರಿ ಅಲ್ಲೇ ಬಿದ್ದಿರಬಾರದು. ಕಯೋಟಿ ಕುರಿಮಾಂಸದ ರುಚಿ ಹಿಡಿಯುವುದು ಎಷ್ಟೋ ಸಲ ನಾವು ಬಿಸಾಡಿದ ಹೆಣದಿಂದಲೇ.

ರಾತ್ರಿ ಹೊತ್ತು ದೊಡ್ಡಿಗೆ ಹೊಡೆಯುವುದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ನಮ್ಮ ಉತ್ತರ ಕರ್ನಾಟಕದ ಕುರುಬರು ಹೊಲದಲ್ಲಿ ಹಿಂಡು ತಂಗಿಸುವಾಗ ಬಲೆ ಕಟ್ಟಿ, ನಾಯಿ ಬಿಟ್ಟು, ಪಕ್ಕದಲ್ಲೇ ಮಲಗುವುದನ್ನು ನೋಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಅವರು ಎದುರಿಸುವುದು ತೋಳವನ್ನು, ಕಯೋಟಿಗಿಂತ ಗಟ್ಟಿ ಪ್ರಾಣಿ. ಇಲ್ಲಿ ಮಲಗಲು ಜನ ಸಿಗುವುದಿಲ್ಲವಾದ್ದರಿಂದ ಬೇಲಿ ಗಟ್ಟಿ ಇರಬೇಕು. ಹೆಣೆದ ತಂತಿ, ಕನಿಷ್ಠ ಐದೂವರೆ ಅಡಿ ಎತ್ತರ, ಕೆಳಗಿನ ಕಣ್ಣುಗಳು 4 ಇಂಚು ಎತ್ತರ, 6 ಇಂಚು ಅಗಲಕ್ಕಿಂತ ದೊಡ್ಡವಿರಬಾರದು. ಕಯೋಟಿ ಬೇಲಿ ಹಾರುವುದಕ್ಕಿಂತ ಮೊದಲು ಅದರ ಬುಡ ನೋಡುತ್ತದೆ. ಹಾಗಾಗಿ ಬೇಲಿಯ ಬುಡದಿಂದ ಹೊರಮುಖವಾಗಿ ಒಂದೂಕಾಲು ಅಡಿಯಾದರೂ ತಂತಿಜಾಲರಿಯನ್ನು ನೆಲಕ್ಕೆ ಹಾಸಿ, ಮೊಳೆ ಹೊಡೆದು, ಮೇಲೆ ಮಣ್ಣು ಎಳೆಯಿರಿ. ಅದು ಬೇಲಿಯ ಬುಡದಲ್ಲಿ ಕೆರೆಯಲು ತೊಡಗಿದರೆ ಉಗುರಿಗೆ ಜಾಲರಿ ಸಿಗುತ್ತದೆ. ಒಂದಡಿ ಹಿಂದೆ ಸರಿದು ಕೆರೆಯಬೇಕು ಎಂಬುದು ಹೆಚ್ಚಿನವಕ್ಕೆ ಹೊಳೆಯುವುದಿಲ್ಲ. ಮನೆಯ ಹಿತ್ತಲಿನ ಆರಡಿ ಬೇಲಿಯನ್ನು ಕಾಲೂರಿ ಹತ್ತಿ ದಾಟಬಲ್ಲದು, ಅದಕ್ಕೆ ಮೇಲಂಚಿನಲ್ಲಿ ಉರುಳುವ ಕೊಳವೆ ಹಾಕಿದರೆ ಮುಂಗಾಲು ಹಿಡಿತ ಸಿಗದೆ ಜಾರುತ್ತದೆ. ಕೋಳಿಗೂಡಿಗೆ ಅಂಗಡಿಯಲ್ಲಿ ಕೋಳಿಬಲೆ ಎಂದು ಮಾರುವ ತೆಳು ತಂತಿ ಸಾಲದು, ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೆ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿ.

ಕಾವಲು ನಾಯಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಇದರಷ್ಟು ಫಲ ಕೊಟ್ಟದ್ದು ಬೇರೆ ಇಲ್ಲ, ಇದರಷ್ಟು ತಪ್ಪಾಗಿ ಬಳಸಿದ್ದೂ ಬೇರೆ ಇಲ್ಲ. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಬೇಟೆಪ್ರಾಣಿಗಳಿಗೆ ವಿಷ ಇಡುವುದನ್ನು ನಿಲ್ಲಿಸಿದ ಮೇಲೆ ಕುರಿಗಾರರಿಗೆ ಬೇರೆ ದಾರಿ ಬೇಕಾಯಿತು. ಆಗ ಮ್ಯಾಸಚೂಸೆಟ್ಸಿನ ಹ್ಯಾಂಪ್‌ಶೈರ್ ಕಾಲೇಜಿನ ರೇ ಮತ್ತು ಲಾರ್ನಾ ಕಾಪಿಂಜರ್ ದಂಪತಿ ಯುರೋಪ್, ಟರ್ಕಿಗಳಿಂದ ಕಾವಲು ನಾಯಿಯ ತಳಿಗಳನ್ನು ತಂದು ರೈತರಿಗೆ ಹಂಚಿ ಹಲವು ವರ್ಷ ಹಿಂಬಾಲಿಸಿ ನೋಡಿದರು. ಗ್ರೇಟ್ ಪಿರನೀಸ್, ಅನಟೋಲಿಯನ್, ಮರೆಮ್ಮಾ, ಅಕ್ಬಾಶ್ ಇವೆಲ್ಲ ಇಂದು ಇಲ್ಲಿ ಸಿಗುತ್ತವೆ. ಎಂಟು ವಾರದ ಮರಿಯನ್ನು ಮನೆಯೊಳಗೆ ಮಕ್ಕಳ ಜೊತೆ ಬೆಳೆಸಿ ವರ್ಷದ ಮೇಲೆ ಕುರಿಹಿಂಡಿಗೆ ಬಿಟ್ಟರೆ ಅದು ಮನೆಬಾಗಿಲಲ್ಲೇ ಮಲಗುತ್ತದೆ. ಆ ಎಂಟನೇ ವಾರದಿಂದಲೇ ಅದು ಕುರಿಮರಿಗಳ ನಡುವೆ, ಅವುಗಳ ವಾಸನೆಯಲ್ಲಿ, ಅವುಗಳ ಹುಲ್ಲಿನ ಮೇಲೆ ಮಲಗಿ ಬೆಳೆಯಬೇಕು. ಕುರಿ ಅದರ ಮುಖ ಮೂಸಿದಾಗ ಅದು ಕಣ್ಣು ತಗ್ಗಿಸಿ ಅಂಗಾತ ಬೀಳುವುದನ್ನು ನೋಡಿದರೆ ಈ ನಾಯಿ ಕೆಲಸಕ್ಕೆ ಬರುತ್ತದೆ ಎಂದು ಗೊತ್ತಾಗುತ್ತದೆ. ಎಳೆಯ ನಾಯಿ ಆಟಕ್ಕೆ ಕುರಿ ಅಟ್ಟುವುದುಂಟು, ಪಳಗುವವರೆಗೆ ಕಣ್ಣಿಟ್ಟಿರಬೇಕು. ರಾತ್ರಿಯಿಡೀ ಬೊಗಳುತ್ತದೆ, ಅದೇ ಅದರ ಕೆಲಸ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.

ಸಣ್ಣ ಹಿಂಡಿಗೆ ಒಂಟೆಯ ಬಳಗದ ಲಾಮಾ ಎಂಬ ಪ್ರಾಣಿ ಅಥವಾ ಹೆಣ್ಣು ಕತ್ತೆ ಆಗುತ್ತದೆ. ಎರಡಿಟ್ಟರೆ ಅವು ಪರಸ್ಪರ ಗೆಳೆತನ ಮಾಡಿಕೊಂಡು ಕುರಿ ಮರೆಯುತ್ತವೆ, ಒಂದೇ ಇರಲಿ. ಮಿನುಗುವ ದೀಪ, ರೇಡಿಯೋ, ಬಣ್ಣದ ಬಾವುಟಗಳ ಸಾಲು ಇವೆಲ್ಲ ಕೆಲವು ವಾರದ ಮಾತು. ಮರಿ ಹಾಕುವ ಅಷ್ಟು ದಿನಕ್ಕೆ ಮಾತ್ರ ಹಾಕಿ, ಜಾಗ ಬದಲಿಸುತ್ತಿರಿ, ಆಮೇಲೆ ತೆಗೆದಿಡಿ. ನಮ್ಮ ಪಕ್ಕದ ಮರಿನ್ ಕೌಂಟಿ 2000ದ ಸುಮಾರಿಗೆ ಕೇಂದ್ರ ಇಲಾಖೆಯ ಬೋನುಗಾರರ ಜೊತೆಗಿನ ಒಪ್ಪಂದ ಬಿಟ್ಟು, ಅದೇ ಹಣವನ್ನು ಬೇಲಿಗೆ, ನಾಯಿಗೆ, ಲಾಮಾಕ್ಕೆ ರೈತರ ಜೊತೆ ಹಂಚಿಕೊಳ್ಳುವ ಯೋಜನೆ ಮಾಡಿತು. ನಿಮ್ಮ ಕೌಂಟಿಯಲ್ಲೂ ಅಂಥದ್ದೇನಾದರೂ ಇದೆಯೇ ಎಂದು ಕೃಷಿ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ.

ವಿಷದ ಬಗ್ಗೆ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಬೇಡ. ಕಾನೂನು ಬಿಡುವುದಿಲ್ಲ ಎಂಬುದು ಒಂದು. 2017ರ ಮಾರ್ಚ್‌ನಲ್ಲಿ ಐಡಹೋದ ಪೊಕಟೆಲ್ಲೊದಲ್ಲಿ 14 ವರ್ಷದ ಹುಡುಗ ಮನೆಯ ಹಿಂದಿನ ಗುಡ್ಡದಲ್ಲಿ ನಾಯಿ ಜೊತೆ ಹೋಗುತ್ತಾ ನೆಲದಲ್ಲಿ ಹುಗಿದಿದ್ದ ಒಂದು ಕೊಳವೆ ಮುಟ್ಟಿದ. ಕಯೋಟಿಗೆಂದು ಸರ್ಕಾರಿ ನೌಕರರೇ ಇಟ್ಟಿದ್ದ ಸಯನೈಡ್ ಸಾಧನ ಅದು. ಪುಡಿ ಚಿಮ್ಮಿತು, ನಾಯಿ ಅವನ ಕಣ್ಣೆದುರೇ ಸತ್ತಿತು, ಹುಡುಗ ಉಳಿದುಕೊಂಡ. ತರಬೇತಾದವರ ಕೈಯಲ್ಲೇ ಹೀಗಾದದ್ದು. ಇಲಿಪಾಷಾಣವೂ ಬೇಡ. ಪಾಷಾಣ ತಿಂದ ಇಲಿಯನ್ನು ತಿಂದ ಕಯೋಟಿಯಲ್ಲಿ, ಗೂಬೆಯಲ್ಲಿ ಆ ವಿಷ ಸೇರಿಕೊಳ್ಳುತ್ತದೆ. ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟು ಬರೋಣ ಎನ್ನುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಅನುಮತಿಯಿಲ್ಲದೆ ಹಾಗೆ ಮಾಡುವುದು ಅಪರಾಧ. ಬಿಟ್ಟ ಜಾಗದಲ್ಲಿ ಅದಕ್ಕೆ ಸರಹದ್ದಿಲ್ಲ, ಇದ್ದವು ಕಚ್ಚಿ ಓಡಿಸುತ್ತವೆ, ಮನೆ ಹುಡುಕುತ್ತಾ ಹೊರಟದ್ದು ರಸ್ತೆಯಲ್ಲಿ ಸಾಯುತ್ತದೆ.

ರೇಬಿಸ್ ಇಲ್ಲವೇ ಎಂದು ಕೇಳದ ಕನ್ನಡಿಗರಿಲ್ಲ, ಕೇಳಬೇಕಾದ್ದೇ. 1988ರಲ್ಲಿ ದಕ್ಷಿಣ ಟೆಕ್ಸಸ್‌ನಲ್ಲಿ ನಾಯಿಗಳಿಂದ ಕಯೋಟಿಗಳಿಗೆ ರೇಬಿಸ್ ಹಬ್ಬಿತ್ತು. 1995ರಿಂದ ಮೀನಿನ ಹಿಟ್ಟಿನ ಉಂಡೆಯಲ್ಲಿ ಲಸಿಕೆಯಿಟ್ಟು ವಿಮಾನದಿಂದ ಉದುರಿಸಿದರು. ಕಯೋಟಿಗಳು ತಿಂದವು, ರೋಗ ಅಲ್ಲಿಗೇ ನಿಂತಿತು, 2007ರಲ್ಲಿ ನಾಯಿಯ ರೇಬಿಸ್ ದೇಶದಿಂದಲೇ ಹೋಯಿತು ಎಂದು ಘೋಷಿಸಿದರು. ಬಾವಲಿಗಳ, ಸ್ಕಂಕ್ ಎಂಬ ನಾತ ಬೀರುವ ಸಣ್ಣ ಪ್ರಾಣಿಗಳ ರೇಬಿಸ್ ಇನ್ನೂ ಇದೆ, ಅದು ಕಯೋಟಿಗೂ ಬರಬಹುದು. ಕಚ್ಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ನಾಯಿಯ ಲಸಿಕೆ ತಪ್ಪಿಸಬೇಡಿ.

ಕೊನೆಯ ಪ್ರಶ್ನೆ ಹೊಸದಾಗಿ ಮನೆ ಕೊಂಡವರೊಬ್ಬರದ್ದು: ಹಿಂಬದಿಯ ಮರದ ಜಗಲಿಯಡಿ ಕಯೋಟಿ ಮರಿ ಹಾಕಿದೆ, ಏನು ಮಾಡಲಿ? ಮರಿಗಳಿನ್ನೂ ಕಣ್ಣು ಬಿಟ್ಟಿಲ್ಲವೆಂದರೆ ಕೆಲವು ವಾರ ಆ ಕಡೆಯ ಬಾಗಿಲು ಬಳಸಬೇಡಿ, ನಾಯಿಯನ್ನು ಮುಂದಿನಿಂದ ಓಡಾಡಿಸಿ. ಚಿಗಟ ಹೆಚ್ಚಾದರೆ, ಜನರ ಸುಳಿವು ಹತ್ತಿರವಾದರೆ ತಾಯಿ ತಾನೇ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ತಡೆಯಲಾಗದಿದ್ದರೆ ಹಗಲು ಹೊತ್ತು ಜಗಲಿಯ ಮೇಲೆ ಕೂತು ಜೋರಾಗಿ ಮಾತಾಡಿ, ರೇಡಿಯೋ ಹಾಕಿ, ರಾತ್ರಿ ಮಾತ್ರ ಸದ್ದಿಲ್ಲದೆ ಬಿಡಿ, ಅದು ಸಾಗಿಸುವುದು ಆಗಲೇ. ಮರಿ ಒಳಗಿರುವಾಗ ಯಾವ ಕಾರಣಕ್ಕೂ ಕಂಡಿ ಮುಚ್ಚಬೇಡಿ. ಹೋಗಿದೆ ಅನ್ನಿಸಿದ ಮೇಲೆ ಬಾಯಿಗೆ ಹಳೆಯ ಪತ್ರಿಕೆಯ ಹಾಳೆ ಸಡಿಲವಾಗಿ ತುರುಕಿ ಮೂರು ರಾತ್ರಿ ನೋಡಿ. ಹಾಳೆ ಅಲುಗಿರದಿದ್ದರೆ ಜಗಲಿಯ ಸುತ್ತ ಅರ್ಧ ಇಂಚಿನ ಜಾಲರಿ ಹೊಡೆದು, ಬುಡವನ್ನು ಒಂದಡಿ ಆಳಕ್ಕೆ ಹೂತುಬಿಡಿ. ಜನವರಿಗೆ ಮೊದಲು ಈ ಕೆಲಸ ಮುಗಿದಿರಲಿ, ಮುಂದಿನ ಜೋಡಿ ಬಿಲ ಹುಡುಕಲು ತೊಡಗುವುದು ಅದರ ನಂತರವೇ.